ಬಲಗಡೆ ಮುಂದೆ ಬೇಸ್

ನನ್ನ ಹೆಂಡತಿ ನನ್ನನ್ನು ‘ಇನ್ನೊಂದು ಕೋಟು’ ಎಂದು ಕರೆಯುತ್ತಾಳೆ. ಮರಗೆಲಸ ನನ್ನ ಕಸುಬು, ಪಾಲಿಶ್ ನನ್ನ ಚಟ. ನಮ್ಮ ಮನೆಯ ಊಟದ ಮೇಜಿಗೆ ನಾನು ಎಷ್ಟು ಸಲ ಪಾಲಿಶ್ ಹೊಡೆದಿದ್ದೇನೆ ಎಂದರೆ, ನಿಮ್ಮ ಮುಂದೆ ಇಟ್ಟ ತಟ್ಟೆ ನೀವು ನೋಡುನೋಡುತ್ತಿದ್ದಂತೆ ಎದುರಿಗೆ ಕೂತವರ ಪಾಲಾಗುತ್ತದೆ. “ನಮ್ಮನೇಲಿ ಬಡಿಸೋದೇ ಬೇಡ, ತಳ್ಳಿದ್ರೆ ಸಾಕು” ಎಂದು ನನ್ನವಳು ಬಂದವರಿಗೆಲ್ಲ ಹೇಳುತ್ತಾಳೆ. ಅದನ್ನು ಹೊಗಳಿಕೆ ಎಂದೇ ನಾನು ಇಪ್ಪತ್ತು ವರ್ಷ ತಿಳಿದಿದ್ದೆ.

ಊರಿನ ಸಭಾಂಗಣದ ಮರದ ಕೆಲಸವೆಲ್ಲ ಹನ್ನೊಂದು ವರ್ಷದಿಂದ ನನ್ನದು. ಬಾಗಿಲು, ಕುರ್ಚಿ, ಗೋಡೆಗೆ ಹೊದಿಸಿದ ಹಲಗೆ, ಎಲ್ಲಕ್ಕಿಂತ ಹೆಚ್ಚಾಗಿ ವೇದಿಕೆಯ ನೆಲ. ನಲವತ್ತೊಂದು ಹಲಗೆ, ಒಂದೊಂದನ್ನೂ ನಾನೇ ಆರಿಸಿ, ಉಜ್ಜಿ, ಕೂರಿಸಿದ್ದು. ಅಲ್ಲಿ ಯಾರು ಏನು ಹಾಡಿದರು, ಯಾರು ಏನು ಮಾತಾಡಿದರು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಯಾರು ಚಪ್ಪಲಿ ಹಾಕಿಕೊಂಡು ಹತ್ತಿದರು ಎನ್ನುವುದನ್ನು ಬೇಕಾದರೆ ತಾರೀಖು ಸಮೇತ ಹೇಳಬಲ್ಲೆ.

ಆರು ತಿಂಗಳ ಹಿಂದೆ ಅದೇ ಸಭಾಂಗಣದಲ್ಲಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಮಗಳಿಗೆ ಸಿಕ್ಕಿತು. ಅಲ್ಲಿ ಒಂದು ನಿಯಮವಿದೆ: ನೌಕರರ ಸಂಬಂಧಿಕರಿಗೆ ಸಭಾಂಗಣದ ಕೆಲಸ ಕೊಡುವಂತಿಲ್ಲ. ಬುದ್ಧಿ ಇದ್ದವನು ಸಭಾಂಗಣದ ಅಧ್ಯಕ್ಷರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ನನಗಿರುವುದು ಬುದ್ಧಿಯಲ್ಲ, ಅತಿಬುದ್ಧಿ.

“ಹೊಸಿಲಿನ ಒಳಗೆ ನೀನು ಮೇಡಂ, ನಾನು ಮೇಸ್ತ್ರಿ. ಹೊಸಿಲು ದಾಟಿದ ಮೇಲೆ ಅಪ್ಪ, ಮಗಳು” ಎಂದೆ.

“ಸುಳ್ಳು ಹೇಳಿದ ಹಾಗಾಗಲ್ವಾ ಅಪ್ಪ?”

“ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ. ಅದ್ರಲ್ಲಿ ಸುಳ್ಳೇನು ಬಂತು?”

ಮನೆಯಲ್ಲಿ ಸಭಾಂಗಣದ ಮಾತೇ ಎತ್ತಬಾರದು ಎಂಬ ಇನ್ನೊಂದು ಕಟ್ಟಳೆಯನ್ನೂ ನಾನೇ ಮಾಡಿದೆ. ಬಾಯಿ ತಪ್ಪಿ ಎಲ್ಲಾದರೂ ಹೊರಬಿದ್ದೀತು ಎಂದು. ಮೊದಲ ದಿನವೇ ಅವಳು ಎಲ್ಲರೆದುರು, “ಮೇಸ್ತ್ರಿ, ಆ ಬಾಗಿಲು ಕಿರುಗುಟ್ಟುತ್ತೆ, ಸ್ವಲ್ಪ ನೋಡಿ” ಎಂದಳು. ಎದೆಯಲ್ಲಿ ಚುರ್ ಎಂದಿತು. ಎತ್ತಿ ಆಡಿಸಿದ ಮಗಳು ನನ್ನನ್ನು ‘ನೀವು’ ಎಂದಳಲ್ಲ ಎಂದು ಆ ಬಾಗಿಲಿನ ಹಿಂದೆ ನಿಂತು ಮೂಗು ಒರೆಸಿಕೊಂಡೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಮೇಡಂಗೂ ಮೇಸ್ತ್ರಿಗೂ ಒಂದೇ ಜಗಳ ಇತ್ತು, ಅದು ಬೇಸ್ ಜಗಳ. ಪಾಲಿಶ್ ಹೊಡೆಯುವ ಮೊದಲು ಮರದ ಸಂದುಗಳೆಲ್ಲ ತುಂಬುವಂತೆ ಕೆಳಗೊಂದು ಕೋಟು ಕೊಡಬೇಕು, ಅದನ್ನು ನಾವು ಬೇಸ್ ಅನ್ನುತ್ತೇವೆ. ವೇದಿಕೆಗೆ ಮತ್ತೆ ಬೇಸ್ ಕೊಡಬೇಕು ಎಂದು ನಾನು, ಬೇಡ ಎಂದು ಅವಳು.

“ಬೇಸ್ ಇಲ್ದೆ ಪಾಲಿಶ್ ಗಟ್ಟಿಯಾಗಿ ನಿಲ್ಲಲ್ಲ ಮೇಡಂ.”

“ಗುಡಿಸಿ ಒರೆಸಿದ್ರೆ ಸಾಕು ಮೇಸ್ತ್ರಿ.”

ಹೀಗಿರುವಾಗ ಜಾಜ್ ಬಂತು. ನಾಲ್ಕು ದೇಶದ ನಾಲ್ವರು ಕೂಡಿ ಕಟ್ಟಿದ ತಂಡ, ಒಂದು ಸಂಜೆಯ ಕಛೇರಿ. ಮಗಳು ನಾಲ್ಕು ತಿಂಗಳು ಪತ್ರ ಬರೆದು ಬರೆದು ಅವರನ್ನು ಒಪ್ಪಿಸಿದ್ದಳು. ಅಧ್ಯಕ್ಷರಿಗೆ ಇದು ಇಷ್ಟವಿರಲಿಲ್ಲ. ಸಭಾಂಗಣವನ್ನು ಸೋಫಾ ಮಾರುವವರಿಗೆ ಕಾಯಂ ಬಾಡಿಗೆಗೆ ಕೊಡುವ ಯೋಚನೆ ಅವರದು. “ಈ ಒಂದು ಸಂಜೆ ನೋಡೋಣ ಮೇಡಂ. ಜನ ಅರ್ಧಕ್ಕೆ ಎದ್ದು ಹೋದ್ರೆ ಮುಂದಿನ ತಿಂಗಳಿಂದ ಸೋಫಾ” ಎಂದಿದ್ದರು. ಸೋಫಾ ಬಂದರೆ ಕಾರ್ಯಕ್ರಮವಿಲ್ಲ, ಕಾರ್ಯಕ್ರಮವಿಲ್ಲದಿದ್ದರೆ ನನ್ನ ಮಗಳಿಗೆ ಕೆಲಸವಿಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಕೇಳಿ.

ಬುಧವಾರ ಮೇಡಂ ಅವರಿಂದ ಮೇಸ್ತ್ರಿಗೆ ಮೊಬೈಲಿನಲ್ಲಿ ಒಂದು ಸಂದೇಶ ಬಂತು. ‘ಶನಿವಾರಕ್ಕೆ ಸ್ಟೇಜ್ ಹೀಗೆ. ಹಿಂದೆ ಡ್ರಮ್ಸ್. ಎಡಗಡೆ ಪಿಯಾನೊ. ನಡುವೆ ಸ್ಯಾಕ್ಸೋಫೋನ್. ಬಲಗಡೆ ಮುಂದೆ ಬೇಸ್. ಗಟ್ಟಿಯಾಗಿ ನಿಲ್ಲಬೇಕು, ನೆಲ ನೋಡಿಕೊಳ್ಳಿ.’

ಡ್ರಮ್ಸ್ ನನಗೆ ಗೊತ್ತು. ಪಿಯಾನೊ ಗೊತ್ತು, ಅದರ ಕಾಲು ನಾನೇ ರಿಪೇರಿ ಮಾಡಿದ್ದೇನೆ. ಸ್ಯಾಕ್ಸೋಫೋನೂ ಗೊತ್ತು. ಮೂರಾಯಿತು, ನಾಲ್ಕನೆಯವರು ಹಾಡುವವರಿರಬೇಕು ಎಂದುಕೊಂಡೆ. ಕೊನೆಯ ಸಾಲು ಓದಿದಾಗ ಮಾತ್ರ ಎದೆ ಉಬ್ಬಿತು. ಬೇಸ್, ಗಟ್ಟಿಯಾಗಿ ನಿಲ್ಲಬೇಕು, ನೆಲ. ಎಲ್ಲ ನನ್ನ ಮಾತುಗಳೇ. ಆರು ತಿಂಗಳು ಗೋಗರೆದದ್ದಕ್ಕೆ ಕೊನೆಗೂ ನನ್ನ ಮಗಳು ಸೋತಳು, ಸೋತದ್ದನ್ನು ಬಾಯಿಬಿಟ್ಟು ಹೇಳಲಾರದೆ ಪಟ್ಟಿಯ ಬಾಲಕ್ಕೆ ಸಿಕ್ಕಿಸಿದ್ದಾಳೆ ಎಂದು ತಿಳಿದೆ. ನನ್ನ ಹಟ ಅವಳಿಗೆ, ಆದರೆ ಮನಸ್ಸು ಮೆತ್ತಗೆ ಎಂದು ಕಣ್ಣು ಕೂಡ ಒದ್ದೆ ಮಾಡಿಕೊಂಡೆ. ಒಂದು ಮಾತು ಕೇಳಬಹುದಿತ್ತು. ಮನೆಯಲ್ಲಿ ಕೇಳುವಂತಿಲ್ಲ, ನನ್ನದೇ ಕಟ್ಟಳೆ. ಸಭಾಂಗಣದಲ್ಲಿ ಅವಳು ಸಿಗುವಂತಿಲ್ಲ, ಆ ಮೂರು ದಿನ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಪರದೆ ಎಳೆದು, ‘ಒಣಗುವ ತನಕ ಯಾರೂ ಹತ್ತಬಾರದು’ ಎಂದು ಬರೆದು ನೇತುಹಾಕಿ ಕೂತೆ. ಬಲಗಡೆ ಮುಂದೆ ಉಪ್ಪುಕಾಗದದಿಂದ ಉಜ್ಜಿ ಬೇಸ್ ಹೊಡೆದೆ, ಮೇಲೆ ಪಾಲಿಶ್ ಹೊಡೆದೆ. ಅಷ್ಟು ಜಾಗ ಮಾತ್ರ ಹೊಳೆದರೆ ಉಳಿದದ್ದು ಮಂಕಾಗಿ ಕಾಣುವುದಿಲ್ಲವೇ? ಪೂರ್ತಿ ವೇದಿಕೆಗೆ ಹೊಡೆದೆ. ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿದಿತ್ತು, ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಉಳಿದದ್ದನ್ನು ಬಿಡುವ ಜಾತಿಯೇ ನನ್ನದು? ಬಲಗಡೆ ಮುಂದೆ ಇನ್ನೊಂದು ಕೋಟು ಕೊಟ್ಟೆ. ಬಗ್ಗಿ ನೋಡಿದರೆ ನನ್ನ ಮುಖ ಕಂಡಿತು, ಬಹಳ ಸಂತೃಪ್ತವಾದ ಮುಖ.

ಶನಿವಾರ ಸಂಜೆ ಐದಕ್ಕೆ ನಾಲ್ವರೂ ಬಂದರು. ಡ್ರಮ್ಸಿಗೆ ಒಬ್ಬ ಬೋಳುತಲೆಯವ, ಪಿಯಾನೊಗೆ ಒಬ್ಬ ಉದ್ದ ಬೆರಳಿನವ, ಸ್ಯಾಕ್ಸೋಫೋನಿಗೆ ಒಬ್ಬ ಮುದುಕ. ನಾಲ್ಕನೆಯವಳು ನನ್ನ ಹೆಗಲಿಗೂ ಬಾರದ ಪುಟ್ಟ ಹೆಂಗಸು, ಅವಳ ಬೆನ್ನ ಮೇಲೆ ಬೀರುವಿನಷ್ಟು ಎತ್ತರದ ಚೀಲ. ಚೀಲ ಬಿಚ್ಚಿದರೆ ಒಳಗೆ ಆಳೆತ್ತರದ ಪಿಟೀಲು. ಅದರ ಬುಡದಲ್ಲಿ ಒಂದು ಕಬ್ಬಿಣದ ಮೊನೆ, ಮೊನೆಗೆ ರಬ್ಬರಿನ ಟೋಪಿ. ಅವಳು ಬಲಗಡೆ ಮುಂದೆ ಬಂದು, ಮೊನೆಯನ್ನು ನೆಲಕ್ಕೆ ಊರಿ, ವಾದ್ಯವನ್ನು ಹೆಗಲಿಗೆ ಒರಗಿಸಿಕೊಂಡು ತಂತಿ ಮೀಟಿದಳು. ವಾದ್ಯ ಹೊರಟಿತು. ಅವಳು ಹಿಡಿದು ಎಳೆದುಕೊಂಡಳು, ಅದು ಮತ್ತೆ ಹೊರಟಿತು. ರಬ್ಬರು ತೆಗೆದು ಬರೀ ಮೊನೆ ಊರಿದಳು; ನನ್ನ ಎದೆಯ ಮೇಲೇ ಊರಿದಂತಾಯಿತು. ಆದರೆ ನನ್ನ ಪಾಲಿಶ್ ಎಂಥದ್ದು, ಮೊನೆಗೂ ಬಗ್ಗಲಿಲ್ಲ. ಕಾರ್ಪೆಟ್ ಹಾಸಿದರು, ಕಾರ್ಪೆಟ್ಟೇ ವಾದ್ಯದ ಜೊತೆ ಜನರ ಕಡೆ ಹೊರಟಿತು.

“ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ನಾನು ಗೊಣಗಿದೆ.

ಮಗಳು ಬಗ್ಗಿ ನೆಲದ ಮೇಲೆ ಬೆರಳಾಡಿಸಿದಳು. “ಮೇಸ್ತ್ರಿ, ಇಲ್ಲಿ ಏನು ಹಚ್ಚಿದೀರಿ?”

“ನೀವೇ ಹೇಳಿದ್ರಲ್ಲ ಮೇಡಂ. ಬಲಗಡೆ ಮುಂದೆ ಬೇಸ್.”

ಅವಳು ಎದ್ದು ನಿಂತಳು. ಆಮೇಲೆ ಆ ಆಳೆತ್ತರದ ಪಿಟೀಲನ್ನು ತೋರಿಸಿ ಮೆಲ್ಲಗೆ, “ಬೇಸ್ ಅಂದ್ರೆ ಅದು” ಎಂದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ನಾನು ಅಪ್ಪನೂ ಆಗಿರಲಿಲ್ಲ, ಮೇಸ್ತ್ರಿ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟಿದ್ದರೂ ಆ ಪಾಲಿಶಿನ ಮೇಲೆ ಅದು ಕಾಣುತ್ತಿರಲಿಲ್ಲ.

ಬೇಸಮ್ಮ (ಅಂದಿನಿಂದ ನಾನು ಅವಳಿಗೆ ಇಟ್ಟ ಹೆಸರು) ತೋರುಬೆರಳನ್ನು ನೆಲಕ್ಕೆ ತಾಗಿಸಿ ತಿರುಗಿಸಿ ತೋರಿಸಿದಳು. ಮಗಳು ಅದನ್ನು ನನಗೆ ದಾಟಿಸಿದಳು. “ಮೊನೆ ಕೂರೋಷ್ಟು ಒಂದು ಚಿಕ್ಕ ತೂತು ಕೊರೀಬಹುದಾ ಅಂತ ಕೇಳ್ತಿದಾರೆ. ಬೇರೆ ಕಡೆಯೆಲ್ಲ ಹಾಗೇ ಮಾಡ್ತಾರಂತೆ.”

“ನನ್ನ ನೆಲಕ್ಕೆ ತೂತಾ? ನನ್ನ ಹೆಣ ಬಿದ್ಮೇಲೆ ಕೊರೀಲಿ” ಎಂದೆ. ತಪ್ಪು ಮಾಡಿದವನ ಸಿಟ್ಟು ಯಾವಾಗಲೂ ಒಂದು ತೂಕ ಜಾಸ್ತಿ.

“ನಿಮ್ಮಿಷ್ಟ ಮೇಸ್ತ್ರಿ” ಎಂದು ಅವಳು ಗಡಿಯಾರ ನೋಡಿದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಕೂಡಲೇ ಉಪಾಯ ಹೂಡಿದೆ. ಒಂದು ಮೊಳದ ತುಂಡು ಹಲಗೆ ತಂದು ಅದರ ನಡುವೆ ಮೊನೆ ಕೂರುವಂತೆ ಕುಳಿ ತೋಡಿದೆ. ಹಲಗೆಗೆ ಹಗ್ಗ ಬಿಗಿದೆ. ಹಗ್ಗದ ಇನ್ನೊಂದು ತುದಿಯನ್ನು ಕಟ್ಟಲು ಹಿಂದೆ ಕಂಬವಿಲ್ಲ. ಗೋಡೆಗೆ ಮೊಳೆ ಹೊಡೆಯಬಹುದಿತ್ತು, ಆದರೆ ಗೋಡೆಯ ಹಲಗೆಗೂ ಪಾಲಿಶ್ ಹೊಡೆದವನು ನಾನೇ, ಅದಕ್ಕೂ ಮನಸ್ಸು ಬರಲಿಲ್ಲ. ಕೊನೆಗೆ ಬೇಸಮ್ಮನ ಬೆನ್ನ ಹಿಂದಿನ ಕರಿ ಪರದೆಯ ಮರೆಯಲ್ಲಿ ನಾನೇ ಹಗ್ಗ ಹಿಡಿದು ಕೂರುವುದೆಂದಾಯಿತು. ಒಂದು ತೂತು ತಪ್ಪಿಸಲು ಐವತ್ತೆಂಟು ವರ್ಷದ ಮನುಷ್ಯ ಗೂಟವಾದ.

ಆರೂವರೆಗೆ ಶುರುವಾಯಿತು. ಸಭಾಂಗಣ ಮುಕ್ಕಾಲು ತುಂಬಿತ್ತು. ಅಧ್ಯಕ್ಷರು ಮೊದಲ ಸಾಲಿನಲ್ಲಿ, ಸೋಫಾದಲ್ಲಿ ಕೂತವರ ಹಾಗೆಯೇ ಕಾಲು ಚಾಚಿ ಕೂತಿದ್ದರು. ನನ್ನವಳು ಟಿಕೆಟ್ ತೆಗೆದುಕೊಂಡು ಯಾರ ಸಂಬಂಧವೂ ಇಲ್ಲದವಳಂತೆ ಹಿಂದಿನ ಸಾಲಿನಲ್ಲಿದ್ದಳು. ಮಗಳು ವೇದಿಕೆಯ ಪಕ್ಕದಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಉಗುರು ಕಚ್ಚುತ್ತ ನಿಂತಿದ್ದಳು.

ಜಾಜ್ ನನಗೆ ಮೊದಲು ಅರ್ಥವಾಗಲಿಲ್ಲ ಎಂದು ಹೇಳಿಬಿಡುತ್ತೇನೆ. ನಾಲ್ಕು ದೇಶದ ನಾಲ್ವರು ನಾಲ್ಕು ಬೇರೆ ಬೇರೆ ಹಾಡು ಬಾರಿಸುತ್ತಿದ್ದಾರೆ, ಯಾರಿಗೂ ಹೇಳುವ ಧೈರ್ಯವಿಲ್ಲ ಎನಿಸಿತು. ಆಮೇಲೆ ನೋಡಿದರೆ ಅಲ್ಲೊಂದು ಶಿಸ್ತಿದೆ. ಮುದುಕ ಮಾತಾಡುವಾಗ ಉಳಿದವರು ‘ಹೂಂ, ಹೌದಾ, ಆಮೇಲೆ?’ ಎನ್ನುತ್ತಾರೆ. ಅವನದು ಮುಗಿದರೆ ಪಿಯಾನೊದವನ ಸರದಿ. ಒಬ್ಬೊಬ್ಬರದು ಮುಗಿದಾಗಲೂ ಜನ ಹಾಡಿನ ನಡುವೆಯೇ ಚಪ್ಪಾಳೆ ತಟ್ಟುತ್ತಾರೆ. ಇದೇನು, ಊಟದ ನಡುವೆ ಕೈ ತೊಳೆದ ಹಾಗೆ, ಮರ್ಯಾದೆ ಇಲ್ಲದ ಜನ ಎಂದು ಬೈದುಕೊಂಡೆ.

ಹಗ್ಗದ ಕೆಲಸ ಸುಲಭವಿರಲಿಲ್ಲ. ಬೇಸಮ್ಮ ತೂಗಿದ ಹಾಗೆ ಹಲಗೆ ಎಳೆಯುತ್ತಿತ್ತು, ನಾನು ತಡೆಯುತ್ತಿದ್ದೆ. ಮೂರನೆಯ ಹಾಡಿನ ಹೊತ್ತಿಗೆ ಆ ಎಳೆತಕ್ಕೂ ತಡೆತಕ್ಕೂ ಒಂದು ಲೆಕ್ಕ ಕೂಡಿತ್ತು. ನಾನೂ ತಂಡದಲ್ಲಿ ಒಬ್ಬ, ಐದನೆಯವ, ಹಗ್ಗವಾದಕ ಎಂದು ಒಳಗೊಳಗೇ ಬೀಗಿದೆ.

ಆಗ ಉಳಿದ ಮೂವರೂ ಕೈ ಕೆಳಗಿಟ್ಟರು. ಬೇಸಮ್ಮನ ಸರದಿ ಬಂತು. ಅವಳು ಅವಸರ ಮಾಡಲಿಲ್ಲ. ಒಂದು ತಂತಿ ಮೀಟಿ ಅದು ಮುಗಿಯುವವರೆಗೂ ಕಾದು ಇನ್ನೊಂದು ಮೀಟಿದಳು. ಒಳ್ಳೆಯ ಮರವನ್ನು ಆರಿಸುವಾಗ ನಾವು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತೇವೆ. ಬಿರುಕಿಲ್ಲದ, ಚೆನ್ನಾಗಿ ಒಣಗಿದ ಹಲಗೆ ಒಂದು ಸದ್ದು ಕೊಡುತ್ತದೆ. ನಲವತ್ತು ವರ್ಷ ನಾನು ಆ ಸದ್ದನ್ನು ಕೇಳಿದ್ದೇನೆ, ಕೇಳಿದ ಮೇಲೆ ಅದರ ಮೇಲೆ ಪಾಲಿಶ್ ಮೆತ್ತಿದ್ದೇನೆ. ಅದೇ ಸದ್ದಿನಲ್ಲಿ ಅವಳು ಮಾತಾಡುತ್ತಿದ್ದಳು. ಅವಳು ಕೊನೆಯ ತಂತಿ ಮೀಟಿ ತಲೆಯೆತ್ತಿದಳು, ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಎರಡೂ ಕೈಯಿಂದ ಹೊಡೆದೆ. ಚಪ್ಪಾಳೆಯನ್ನು ಒಂದೇ ಕೈಯಲ್ಲಿ ಹೊಡೆಯಲಾಗುವುದಿಲ್ಲ.

ಹಲಗೆ, ವಾದ್ಯ, ಬೇಸಮ್ಮ ಮೂವರೂ ಸಾಲಾಗಿ ಜನರ ಕಡೆ ಹೊರಟರು. ಮಗಳು ಓಡಿ ಬಂದು ವಾದ್ಯದ ಕತ್ತು ಹಿಡಿದಳು, ಹಿಡಿದವಳೇ ನನ್ನತ್ತ ತಿರುಗಿ ಕೂಗಿದಳು.

“ಅಪ್ಪಾ, ಹಗ್ಗ!”

ಅವಳ ಬಾಯಿ ಸರಿಯಾಗಿ ಬೇಸಿನ ಮೈಕಿನ ಮುಂದಿತ್ತು. ಸಭಾಂಗಣದ ನಾಲ್ಕೂ ಗೋಡೆ ‘ಅಪ್ಪಾ’ ಎಂದವು. ನನ್ನ ಹಲಗೆ ಹೊದಿಸಿದ ಗೋಡೆಗಳು, ಸದ್ದನ್ನು ಬಹಳ ಚೆನ್ನಾಗಿ ಹಿಂದಿರುಗಿಸುತ್ತವೆ. ಬೋಳುತಲೆಯವ ಅದೇ ಗಳಿಗೆಗೆ ಡ್ರಮ್ಸಿನ ಒಂದು ತಟ್ಟೆಯನ್ನು ಝಣ್ ಎನಿಸಿದ. ಜನ ಇದೂ ಕಛೇರಿಯ ಭಾಗ ಎಂದುಕೊಂಡು ನಕ್ಕು ಇನ್ನಷ್ಟು ತಟ್ಟಿದರು. ಅಧ್ಯಕ್ಷರು ಮಾತ್ರ ಕಾಲು ಮಡಚಿಕೊಂಡರು.

ವಿರಾಮದಲ್ಲಿ ಅವರು ಪರದೆಯ ಹಿಂದೆ ಬಂದರು.

“ಮೇಡಂ, ನೀವು ಮೇಸ್ತ್ರಿನ ಏನಂತ ಕರೆದ್ರಿ?”

ನಾನು ನಡುವೆ ಬಾಯಿ ಹಾಕಿದೆ. “ಗಾಬರೀಲಿ ಯಾರಾದ್ರೂ ‘ಅಯ್ಯೋ ಅಪ್ಪಾ’ ಅಂತಾರೆ ಸರ್. ಕಾಲು ಎಡವಿದ್ರೂ ಅಂತಾರೆ. ಅದಕ್ಕೆಲ್ಲ ಅರ್ಥ ಹುಡುಕಬಾರದು.”

“ಗಾಬರೀಲಿ ಅಂದಿದ್ದಾದ್ರೆ ಸರಿ” ಎಂದು ಅಧ್ಯಕ್ಷರು ಅವಳ ಕಡೆ ನೋಡಿದರು. “ಹೇಳಿ ಮೇಡಂ. ಹಾಗೇನಾ?”

‘ಹೌದು’ ಎಂಬ ಒಂದು ಮಾತು ಸಾಕಿತ್ತು. ಅವಳ ಕೆಲಸ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಅವಳು ನನ್ನ ಕೈ ನೋಡಿದಳು. ಹಗ್ಗ ಎಳೆದು ಎಳೆದು ಅಂಗೈ ಕೆಂಪಾಗಿತ್ತು.

“ಇಲ್ಲ ಸರ್. ಅವರು ನಮ್ಮಪ್ಪ” ಎಂದಳು. “ಆರು ತಿಂಗಳಿಂದ ಮುಚ್ಚಿಟ್ಟಿದ್ದೀವಿ. ತಪ್ಪಾಯ್ತು.”

“ಕಾರ್ಯಕ್ರಮ ಮುಗೀಲಿ, ಮಾತಾಡೋಣ” ಎಂದು ಅವರು ಹೋದರು.

ನನಗೆ ನಾಚಿಕೆಯಾಯಿತು. ಇಂಥದ್ದು, ಅಂಥದ್ದು ಎಂದು ಹೇಳಲಾರೆ, ಸರಿಯಾಗಿ ನಾಚಿಕೆಯಾಯಿತು. ಅವಳು ನಾಲ್ಕು ತಿಂಗಳ ದುಡಿಮೆಯನ್ನೇ ನನಗಾಗಿ ಬಿಟ್ಟುಕೊಟ್ಟಳು. ನಾನು ಅವಳಿಗಾಗಿ ಒಂದು ಹಲಗೆಯಲ್ಲಿ ಹೆಸರುಕಾಳಿನಷ್ಟು ಜಾಗವನ್ನೂ ಬಿಟ್ಟುಕೊಟ್ಟಿರಲಿಲ್ಲ. ಚೀಲದಿಂದ ತೂತು ಕೊರೆಯುವ ಬೈರಿಗೆ ತೆಗೆದುಕೊಂಡು ವೇದಿಕೆಗೆ ನಡೆದೆ. ಪರದೆ ಎಳೆದಿರಲಿಲ್ಲ, ಅರ್ಧ ಜನ ಕೂತೇ ಇದ್ದರು. ಬೇಸಮ್ಮನನ್ನು ಕರೆದು ಅವಳ ಜಾಗದಲ್ಲಿ ನಿಲ್ಲಿಸಿ, ಮೊನೆ ಎಲ್ಲಿ ಬರುತ್ತದೆ ಎಂದು ಗುರುತು ಹಾಕಿದೆ. ಅದು ಇಪ್ಪತ್ತಮೂರನೆಯ ಹಲಗೆ, ನಲವತ್ತೊಂದರಲ್ಲಿ ನನಗೆ ಬಹಳ ಇಷ್ಟವಾದದ್ದು. ಅದೇ ಆಗಬೇಕಿತ್ತು. ಮಂಡಿಯೂರಿ ಕೂತು ಬೈರಿಗೆ ತಿರುಗಿಸಿದೆ. ಪಾಲಿಶ್ ಸಿಪ್ಪೆ ಎದ್ದಿತು, ಅದರ ಕೆಳಗೆ ಬೇಸ್, ಅದರ ಕೆಳಗೆ ಹನ್ನೊಂದು ವರ್ಷದಿಂದ ನಾನು ನೋಡದೇ ಇದ್ದ ಹಸನಾದ ಮರದ ಪುಡಿ. ವಾಸನೆ ಚೆನ್ನಾಗಿತ್ತು.

ಎರಡನೆಯ ಭಾಗಕ್ಕೆ ನನ್ನ ಕೈಗೆ ಕೆಲಸವಿರಲಿಲ್ಲ. ವೇದಿಕೆಯ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದೆ. ನನ್ನ ನೆಲದ ಮೇಲೆ ನಾನು ಚಪ್ಪಲಿ ಹಾಕುವುದಿಲ್ಲ. ಬೇಸಮ್ಮ ಮೊನೆಯನ್ನು ತೂತಿನಲ್ಲಿ ಕೂರಿಸಿ ಮೊದಲ ತಂತಿ ಮೀಟಿದಳು. ಸದ್ದು ನನ್ನ ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ಮೊನೆಯಿಂದ ಇಪ್ಪತ್ತಮೂರನೆಯ ಹಲಗೆಗೆ, ಅಲ್ಲಿಂದ ಕೆಳಗಿನ ತೊಲೆಗೆ, ತೊಲೆಯಿಂದ ನಲವತ್ತೊಂದೂ ಹಲಗೆಗೆ ಹರಿದು ನನ್ನ ಕಾಲಿನ ಮೂಳೆಯಲ್ಲಿ ಗುಂಯ್ ಎಂದಿತು. ಮೊದಲ ಅರ್ಧದಲ್ಲಿ ಪಾಪ ಬಡಕಲಾಗಿದ್ದ ದನಿ ಈಗ ಸಭಾಂಗಣವನ್ನೇ ತುಂಬಿತು. ಪಿಯಾನೊದವನು ತಲೆಯೆತ್ತಿ ಅವಳ ಕಡೆ ನೋಡಿ ನಕ್ಕ. ಹನ್ನೊಂದು ವರ್ಷ ಈ ನೆಲದ ಮುಖ ತೊಳೆದವನು ನಾನು. ಅದಕ್ಕೊಂದು ದನಿಯಿದೆ ಎಂದು ನನಗೆ ಗೊತ್ತಾದದ್ದು ಅದಕ್ಕೆ ತೂತು ಮಾಡಿದ ಮೇಲೆ. ಮಗಳು ಪಕ್ಕಕ್ಕೆ ಬಂದು ತನ್ನ ಚಪ್ಪಲಿ ಬಿಟ್ಟು ನಿಂತಳು. ಅವಳ ಅಂಗಾಲಿಗೂ ಬಂದಿರಬೇಕು.

ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೂ ಕೂತು ತಟ್ಟಿ ತಟ್ಟಿ ಇನ್ನೊಂದು ಹಾಡು ಬಾರಿಸುವಂತೆ ಮಾಡಿದರು.

ಜನ ಖಾಲಿಯಾದ ಮೇಲೆ ಅಧ್ಯಕ್ಷರು ಬಂದರು. “ಸೋಫಾದವರಿಗೆ ಬೇಡ ಅಂತ ಹೇಳ್ತೀನಿ ಮೇಡಂ. ಇಂಥದ್ದೇ ಇನ್ನೊಂದು ನೋಡಿ. ಆದ್ರೆ ನಿಯಮ ನಿಯಮಾನೇ. ಇಬ್ಬರಲ್ಲಿ ಒಬ್ಬರು ಇರಬೇಕು.”

ಮಗಳು ಬಾಯಿ ತೆರೆದಳು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಅವಳದು ನನ್ನ ಹಟ. ಅವಳಿಗಿಂತ ಮೊದಲು ನಾನು ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ಅವರ ಕೈಗಿಟ್ಟೆ.

“ಮೇಸ್ತ್ರಿನ ಬಿಡಿ ಸರ್. ಬೇಸ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಮನುಷ್ಯ ಅವನು. ಮುಂದಿನ ಸಲ ಟಿಕೆಟ್ ತಗೊಂಡು ಬರ್ತೀನಿ. ಹೊಸಬರು ಬಂದ್ರೆ ಒಂದೇ ಮಾತು ಹೇಳಿ, ಆ ತೂತು ಮುಚ್ಚಬಾರದು.”

ಅವರು ಹೋದರು. ನಾನು ಸಾಮಾನು ಕಟ್ಟಲು ವೇದಿಕೆಗೆ ಬಂದೆ. ತೂತಿನ ಅಂಚಿನಲ್ಲಿ ಹಸಿ ಮರ ಬೆಳ್ಳಗೆ ಕಾಣುತ್ತಿತ್ತು. ಡಬ್ಬಿಯ ತಳದಲ್ಲಿ ಒಂದಿಷ್ಟು ಪಾಲಿಶ್ ಇತ್ತು, ಅದು ಹೇಗೆ ಉಳಿಯಿತೋ. ಅಂಚಿಗೆ ಮಾತ್ರ, ಮರಕ್ಕೆ ನೀರು ಹಿಡಿಯದ ಹಾಗೆ, ಒಂದೇ ಒಂದು ಕೋಟು. ಕೈ ಆಗಲೇ ಬ್ರಷ್ ಹಿಡಿದಿತ್ತು.

“ಅಪ್ಪ, ಸಾಕು. ಬಾ.”

ದೀಪ ಆರಿಸುವವರು, ಕಸ ಗುಡಿಸುವವರು, ಹಿಂದಿನ ಸಾಲಿನಲ್ಲಿ ಇನ್ನೂ ಕೂತಿದ್ದ ನನ್ನವಳು, ಎಲ್ಲರಿಗೂ ಕೇಳುವ ಹಾಗೆ ಮಗಳು ಅಂದಳು. ಆ ಹೊಸಿಲಿನ ಒಳಗೆ, ಗಾಬರಿಯಿಲ್ಲದೆ, ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಡಬ್ಬಿಯ ಮುಚ್ಚಳ ಹಾಕಿದೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮೆಲ್ಲಗೆ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ವೇದಿಕೆ ಇಳಿದೆವು. ನೆಲ ವಿಪರೀತ ಜಾರುತ್ತಿತ್ತು.